ಕಾಯಿನೀರು ಕುಡಿದ ಜೀಪು

ಗೊಲ್ಲರಹಟ್ಟಿ, ಕಂದಿಕೆರೆ
ಮಂಗಳವಾರ, 12 ನವೆಂಬರ್ 2024

ನನ್ನ ಬಂಗಾರ ಯಮುನಾಗೆ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡುಕೊಂಡು ಇದ್ದೇವೆ. ನೀನು ಪೊಲೀಸ್ ಟ್ರೈನಿಂಗಿನಲ್ಲಿ ಓಡಿ ಓಡಿ ಕಡ್ಡಿಯಾಗಿದ್ದೀಯೋ ಏನೋ. ಬರೆಯುವುದು ತಡವಾಯಿತು, ಬೈಯಬೇಡ. ಅಟ್ಟದ ಕೊಬ್ಬರಿ ಇಳಿಸಿ ಸುಲಿಸುವ ಕೆಲಸ ಹಿಡಿದಿತ್ತು. ಆಳುಗಳಿಗೆ ಮುದ್ದೆ ಕಟ್ಟಿ ಬಡಿಸಿ ಕೈ ತೊಳೆಯುವಷ್ಟರಲ್ಲಿ ಪೆನ್ನು ಹಿಡಿಯಲು ಬೆರಳೇ ಬಗ್ಗುತ್ತಿರಲಿಲ್ಲ. ಭಾನುವಾರ ನಿಮ್ಮ ಕೈಗೆ ಫೋನು ಕೊಟ್ಟಾಗ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾರೆ. ಅವರ ಜೀಪಿನ ವಿಷಯವನ್ನು ಅವರ ಮುಂದೆ ಇನ್ನೊಬ್ಬರು ಹೇಳುವುದುಂಟೇ? ಅದಕ್ಕೇ ಕಾಗದ.

ನೀನು ಹೋದ ಮೇಲೆ ಜೀಪಿನ ಕಾಟ ವಿಪರೀತವಾಯಿತು. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಅಂದು ಸುಮ್ಮನಾಗುವುದು. ಅದೇ ಜೀಪು ಮಧ್ಯಾಹ್ನ, ಯಾರೂ ಏನೂ ಮಾಡದೆ, ಒಂದೇ ಏಟಿಗೆ ಹೊರಡುವುದು. ಹೊಸ ಬ್ಯಾಟರಿ ಹಾಕಿಸಿದೆವು, ಅದೇ ರಾಗ ಅದೇ ಹಾಡು. ಹುಳಿಯಾರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಬಿಟ್ಟುಬಂದರೆ ಅಲ್ಲಿ ಒಂದು ಸಲವೂ ಕೆಡಲಿಲ್ಲ, ಮಾವನ ಮನೆಗೆ ಹೋದ ಅಳಿಯನ ಹಾಗೆ ಮರ್ಯಾದೆಯಿಂದ ಇತ್ತು. ಕೊನೆಗೆ ಆತ, ಯಜಮಾನರು ರಾತ್ರಿ ದೀಪ ಆರಿಸುವುದನ್ನು ಮರೆಯುತ್ತಿರಬೇಕು, ಬ್ಯಾಟರಿ ಇಳಿದುಹೋಗುತ್ತಿದೆ ಅಂದ.

ನಿಮ್ಮಣ್ಣ ಓಬಳೇಶನಿಗೆ ಅಷ್ಟೇ ಬೇಕಾಗಿತ್ತು. ಅವನದು ಕೆಟ್ಟ ಮನಸ್ಸಲ್ಲ, ಹೆದರಿಕೆ. ಒಂದು ಸಂಜೆ ನಿಮ್ಮಪ್ಪ ಬೋರನಕಣಿವೆ ಡ್ಯಾಮಿನ ಏರಿಯ ಮೇಲೆ ಬರುವಾಗ ಜೀಪಿನ ದೀಪವೇ ಇಲ್ಲದೆ, ಎದುರಿಗೆ ಬಂದ ಟ್ರ್ಯಾಕ್ಟರಿಗೆ ಕೂದಲೆಳೆಯಲ್ಲಿ ತಪ್ಪಿತು. ದೀಪ ತಾನಾಗಿ ಆರಿತು ಅಂತ ನಿಮ್ಮಪ್ಪ. ಹಾಕುವುದನ್ನೇ ಮರೆತಿದ್ದಾರೆ ಅಂತ ಅವನು. “ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಅಪ್ಪನಿಗೆ ಮರೆವು ಬಂದೈತೆ ಕಣವ್ವ, ಕೀ ಈಸ್ಕೊಂಡ್ಬುಡು,” ಅಂದ. ಈ ಮಾತು ನಿಮ್ಮಪ್ಪನ ಕಿವಿಗೂ ಬಿತ್ತು. ಎರಡು ದಿನ ಒಬ್ಬರೇ ಕುರಿರೊಪ್ಪದ ಹತ್ತಿರ ಹೋಗಿ ಕೂರುತ್ತಿದ್ದರು.

ಓಬಳೇಶ ನಿನ್ನ ಹತ್ತಿರವೂ ಈ ಮಾತು ಎತ್ತಿದಾಗ ನೀನು ಫೋನಿನಲ್ಲಿ, ಅಪ್ಪನಿಗೆ ಏನೂ ಆಗಿಲ್ಲ, ಅಣ್ಣನಿಗೇ ತಲೆ ಸರಿಯಿಲ್ಲ ಅಂದೆಯಲ್ಲ, ನನಗೆ ಅದು ಹಾಲು ಕುಡಿದಷ್ಟು ಸಮಾಧಾನವಾಗಿತ್ತು. ಹೆಸರುಗಳಿಗೆ ತಡವರಿಸುತ್ತಾರೆ, ಒಪ್ಪುತ್ತೇನೆ. ಉಂಡು ಕೈ ತೊಳೆದ ಮೇಲೆ ಊಟಕ್ಕೆ ಇಕ್ಕುವುದಿಲ್ಲವೇ ಅಂತ ಕೇಳಿದ್ದೂ ಉಂಟು. ಆದರೆ ವಯಸ್ಸಾದ ಮೇಲೆ ಯಾರು ಮರೆಯುವುದಿಲ್ಲ? ನಾನೇ ಉಪ್ಪಿಲ್ಲದ ಸಾರು ಎಷ್ಟು ಸಲ ಬಡಿಸಿಲ್ಲ? ತಪ್ಪು ಜೀಪಿನದೇ ಆಗಿರಲಿ, ಆ ಮನುಷ್ಯನದು ಆಗದಿರಲಿ ಅಂತ ಜುಂಜಪ್ಪನಿಗೆ ಹರಕೆ ಹೊತ್ತಿದ್ದೆ ಕಣೇ.

ಹೋದ ವಾರ ಒಂದು ಬೆಳಿಗ್ಗೆ ಮತ್ತೆ ಟಕ್ ಅಂತು. ನಿಮ್ಮಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. ಬಾನೆಟ್ ಎತ್ತಿ ಸುಮ್ಮನೆ ನೋಡುತ್ತ ನಿಂತವರು ನನ್ನನ್ನು ಕರೆದರು. “ದೀಪ, ಹಾರ್ನು, ಸ್ಟಾರ್ಟರು, ಮೂರೂ ಒಟ್ಗೆ ಸಾಯ್ತವೆ. ಮೂರಕ್ಕೂ ಬೇರೆಬೇರೆ ರೋಗ ಬರಕ್ಕಿಲ್ಲ ಕಣೇ, ಎಲ್ಲೋ ಒಂದೇ ತಾವ ಐತೆ,” ಅಂದರು. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ದೀಪ ಹಾಕಿಕೊಂಡು ಹಾರ್ನ್ ಒತ್ತುತ್ತಲೇ ಇರಬೇಕು, ಯಾವಾಗ ನಿಲ್ಲುತ್ತದೋ ಆಗ ಕೂಗಬೇಕು ಅಂತ ಹೇಳಿದರು. ತಾವು ಒಂದೊಂದೇ ವೈರು ಹಿಡಿದು ಅಲ್ಲಾಡಿಸುತ್ತ ಬಂದರು. ಹಟ್ಟಿಯ ನಾಯಿಗಳೆಲ್ಲ ಕೂಡಿಕೊಂಡವು. ಪಕ್ಕದ ಮನೆ ಪುಟ್ಟಗಂಗಮ್ಮ ಬಂದು, ಯಾರ ಮನೆ ದಿಬ್ಬಣ ಹೊರಟಿತು ಅಂತ ಕೇಳಿ ನಕ್ಕಳು. ನಾನು ಹಾರ್ನ್ ಒತ್ತಿಯೇ ಅವಳಿಗೆ ಉತ್ತರ ಕೊಟ್ಟೆ.

ಆಗ ಹಾರ್ನ್ ಸತ್ತುಹೋಯಿತು. ಹೋಯ್ತು ಅಂತ ಕೂಗಿದೆ. ಮತ್ತೆ ಬಂತು. ಬಂತು ಅಂದೆ. ಬ್ಯಾಟರಿಯಿಂದ ಜೀಪಿನ ಮೈಗೆ ಬಿಗಿಯುತ್ತಾರಲ್ಲ, ದಪ್ಪನೆಯ ಅರ್ಥ್ ವೈರು, ಅದು ಅವರ ಕೈಯಲ್ಲಿತ್ತು. ಬೋಲ್ಟ್ ಬಿಚ್ಚಿದರೆ ಅಡಿಯಲ್ಲೆಲ್ಲ ಹಸಿರು ಕಿಲುಬು, ಪುಡಿಪುಡಿ.

ಅದು ಹೇಗೆ ಬಂತು ಅಂತೀಯ? ಅಮಾವಾಸ್ಯೆ ಪೂಜೆಯಲ್ಲಿ ಉಳಿದವರು ಕಾಯಿ ಒಡೆದು ನೀರನ್ನು ಚಕ್ರಕ್ಕೆ ಹಾಕುತ್ತಾರೆ. ಗಾಡಿಯ ಜೀವ ಇರುವುದು ಒಳಗೆ, ಚಕ್ರಕ್ಕೆ ಹಾಕಿದರೆ ಯಾರಿಗೆ ಮುಟ್ಟೀತು ಅಂತ ನಿಮ್ಮಪ್ಪ ಬಾನೆಟ್ ತೆಗೆದು ಬ್ಯಾಟರಿಯ ಪಕ್ಕಕ್ಕೇ ಹೊಯ್ಯುತ್ತಿದ್ದರು. ಜೀಪು ಕೆಟ್ಟಾಗಲೆಲ್ಲ ದೃಷ್ಟಿಯಾಗಿದೆ ಅಂತ ಇನ್ನೊಂದು ಕಾಯಿ. ನಮ್ಮ ತೋಟದಲ್ಲಿ ಕಾಯಿಗೇನು ಬರವೇ? ಕೆಟ್ಟಿತೆಂದು ಕಾಯಿ ಒಡೆಯುವುದು, ಒಡೆದದ್ದಕ್ಕೆ ಇನ್ನಷ್ಟು ಕೆಡುವುದು. ನಿಮ್ಮ ಭಕ್ತಿಯೇ ಜೀಪನ್ನು ತಿಂದಿತು ನೋಡಿ ಅಂದೆ. ದೇವರು ಒಂದು ದಿನವೂ ಬೇಡ ಅನ್ನಲಿಲ್ಲವಲ್ಲ ಅಂತ ಅವರೂ ನಕ್ಕರು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ.

ಉಪ್ಪುಕಾಗದದಲ್ಲಿ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿದರು. ಮುಟ್ಟಿದರೆ ಸ್ಟಾರ್ಟ್. ಓಬಳೇಶ ಬಂದು ನಂಬದೆ ತಾನೇ ಕೂತು, ಆರಿಸಿ ಆರಿಸಿ ಮತ್ತೆ ಹೊರಡಿಸಿ ನೋಡಿದ. ಆಮೇಲೆ ಇಳಿದು ಬಂದು ತಪ್ಪಾಯಿತು ಅಂದ. ನಿಮ್ಮಪ್ಪ ಕೀ ತೆಗೆದು ಜೇಬಿಗೆ ಹಾಕಿಕೊಂಡರು. ನಾನು ಕೊಟ್ಟಿಗೆಯ ಹಿಂದೆ ಹೋಗಿ ಸಂತೋಷಕ್ಕೆ ಮನಸಾರೆ ಅತ್ತುಬಂದೆ.

ಇನ್ನು ನೀನು ಇಲ್ಲಿಯ ಯೋಚನೆ ಬಿಟ್ಟು ಟ್ರೈನಿಂಗ್ ಮುಗಿಸು. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗು. ನೀನು ಖಾಕಿ ತೊಟ್ಟು ನಿಲ್ಲುವ ದಿನ ನಾವು ಆ ಜೀಪಿನಲ್ಲೇ ಬರುತ್ತೇವೆ. ಜುಂಜಪ್ಪ ನಿನ್ನ ಬೆನ್ನಿಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅವ್ವ,
ಮಂಜಮ್ಮ

ಶುಕ್ರವಾರ ಬರೆದದ್ದು: ಅಂಚೆಗೆ ಹಾಕಲೆಂದು ಮಡಚಿಟ್ಟಿದ್ದನ್ನು ಮತ್ತೆ ಬಿಚ್ಚಿದ್ದೇನೆ. ನಿನ್ನೆ ಕೊಬ್ಬರಿ ಮೂಟೆ ಹೇರಿಕೊಂಡು ನಾವಿಬ್ಬರೇ ತಿಪಟೂರಿಗೆ ಹೊರಟೆವು. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ನಿಮ್ಮಪ್ಪ ಜೀಪನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದರು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಏನು ಕೆಟ್ಟಿತು ಅಂತ ಕೇಳಿದೆ. ಹಿಂದೆ ಸಂತೆಗೆ ಜನರನ್ನು ಕೂರಿಸಿಕೊಂಡು ಹೋಗುತ್ತಿದ್ದಾಗ ಮಾತಾಡಿಸುತ್ತಿದ್ದರಲ್ಲ, ಅಷ್ಟೇ ಮರ್ಯಾದೆಯಿಂದ ನನ್ನ ಮುಖ ನೋಡಿ ಕೇಳಿದರು, “ನೀವು ಎಲ್ಲಿ ಇಳೀಬೇಕಮ್ಮ?”

ತಿಪಟೂರಿನಲ್ಲಿ ಅಂದೆ. ಸರಿ ಅಂತ ಹೊರಟರು. ದಾರಿ ತಪ್ಪಲಿಲ್ಲ, ಮಂಡಿಯ ಮುಂದೆಯೇ ತಂದು ನಿಲ್ಲಿಸಿದರು. ಅಲ್ಲಿ ಇಳಿದು, ಯಾಕೆ ಮಂಜಿ ಹಂಗೇ ಕೂತಿದ್ದೀಯ ಅಂದರು.

ಓಬಳೇಶನಿಗೆ ಇನ್ನೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ಭಾನುವಾರ ಫೋನಿನಲ್ಲಿ ನೀನು ಇದನ್ನು ಎತ್ತಬೇಡ. ಜೀಪಿನ ಕೀಯನ್ನು ನಾನೇ ರಾಗಿ ಡಬ್ಬದೊಳಗೆ ಹುದುಗಿಸಿಟ್ಟಿದ್ದೇನೆ. ಬೆಳಗಿನಿಂದ ಮನೆಯೆಲ್ಲ ತಡಕುತ್ತಿದ್ದಾರೆ. “ಎಲ್ಲಿಟ್ಟೆ ಅನ್ನೋದೇ ಮರ್ತೋಯ್ತಲ್ಲೇ,” ಅಂತ ನನ್ನ ಹತ್ತಿರವೇ ಬಂದು ಬಂದು ಹೇಳುತ್ತಾರೆ. ನಾನೂ ಅವರ ಜೊತೆ ಹುಡುಕುತ್ತಿದ್ದೇನೆ.