ಮೆಹಕರದಲ್ಲಿ ಜರ್ಮನ್ ಪುರಾಣ

ಭಾಲ್ಕಿ
28 ಆಗಸ್ಟ್ 2024

ಪ್ರಿಯ ಸೌಂದರ್ಯಾ,

ಆ ಜರ್ಮನ್ ಕಾದಂಬರಿ ಕೈಗೆತ್ತಿಕೊಂಡಾಗ ನೀನು, ಇದನ್ನ ನಮ್ಮ ಕಡಿ ಯಾರ್ ಓದ್ತಾರ ಎಂದಿದ್ದೆಯೋ, ಯಾರ್ ಕೇಳ್ತಾರ ಎಂದಿದ್ದೆಯೋ, ಸರಿಯಾಗಿ ನೆನಪಿಲ್ಲ. ಓದುವುದಿಲ್ಲ, ನಿಜ. ಕೇಳುತ್ತಾರೆ. ಅದನ್ನು ತಿಳಿಸಲು ಇಷ್ಟು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಒಂದು ತಿಂಗಳಲ್ಲಿ ಅನುವಾದ ಮುಗಿಸಿ ಬರುತ್ತೇನೆಂದು ತವರಿಗೆ ಹೋದವಳು ನೀನು. ಈಗ ಮೂರನೆಯ ತಿಂಗಳು. ಚಿಂತಾಕಿಯಲ್ಲಿ ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ.

ಮೆಹಕರದ ಮಠಕ್ಕೆ ಈ ಶ್ರಾವಣದಲ್ಲಿ ಪುರಾಣ ಹೇಳುವ ಶಾಸ್ತ್ರಿಗಳು ಬರಲಿಲ್ಲ. ಗಂಟಲು ಕೆಟ್ಟಿತ್ತಂತೆ. ಮಠದ ಉಸ್ತುವಾರಿ ನೋಡುವ ಮನ್ಮಥಪ್ಪ ಕಾಲೇಜಿಗೇ ಬಂದು ನನ್ನನ್ನು ಹಿಡಿದರು. "ಕನ್ನಡ ಕಲಸೋರು ನೀವ್. ಸೋಮವಾರಕ್ಕೊಮ್ಮಿ ಬಂದು ಏನರ ಓದ್ರಿ ಸರ್." ನನ್ನ ಚೀಲದಲ್ಲಿದ್ದದ್ದು ನೀನು ಕಳಿಸುತ್ತಿದ್ದ ಜರ್ಮನ್ ಕಾದಂಬರಿಯ ಅಧ್ಯಾಯಗಳು. ನಿನ್ನ ಅನುವಾದವೆಂದು ಹೇಳಿ ಅವನ್ನೇ ಓದಿದೆ. ಬಾಹ್ಯಾಕಾಶ ನೌಕೆಯ ಕಥೆಯ ಹಾಳೆಗಳ ಮುಂದೆ ಜನ ಊದಿನಕಡ್ಡಿ ಹಚ್ಚಿದರು, ಕಾಯಿ ಒಡೆದರು. ಕ್ಯಾಪ್ಟನ್ನನ ಹೆಸರು ಬಂದಾಗಲೆಲ್ಲ ಹಿಂದೆ ಕುಳಿತ ಒಬ್ಬ ಮುದುಕ ಕೈ ಮುಗಿಯುತ್ತಾನೆ. ಬೇಡವೆಂದು ಹೇಳಿ ಸಾಕಾಗಿದೆ.

ಕಷ್ಟ ಶುರುವಾದದ್ದು ಭೂಮಿ ಉತ್ತರಿಸುವುದನ್ನು ನಿಲ್ಲಿಸುವ ಅಧ್ಯಾಯದಿಂದ. ನೌಕೆಯವರು ದಿನವೂ ಸಂದೇಶ ಕಳಿಸುತ್ತಾರೆ, ಅತ್ತಲಿಂದ ಸದ್ದಿಲ್ಲ. ಯಾವುದೋ ಯುದ್ಧದಲ್ಲಿ ಭೂಮಿಯೇ ಸುಟ್ಟುಹೋಗಿರಬೇಕು ಎಂದು ನಾನು ಅರ್ಥ ಹೇಳಿದೆ. ಈರಮ್ಮ ಎಂಬ ಹಿರಿಯ ಹೆಂಗಸು ಬತ್ತಿ ಹೊಸೆಯುತ್ತಲೇ ಅದನ್ನು ತಳ್ಳಿಹಾಕಿದರು.

"ಸತ್ತಿದ್ರ ಸುದ್ದಿ ಬರ್ತಿತ್ರಿ. ಮುನಿಸ್ಕೊಂಡು ಕುಂತಾಳ. ಹೋಗೂವಾಗ ಇವ್ರು ಅಕಿಗಿ ಏನಂದ್ ಹೋಗ್ಯಾರ, ಅದು ಓದ್ರಿ."

ಅಂಥದ್ದೇನೂ ಪುಸ್ತಕದಲ್ಲಿಲ್ಲ ಎಂದೆ.

"ಬರ್ದಾಂವ ಗಂಡ್ಸ ಇರ್ಬೇಕು. ಅದೊಂದು ಬಿಟ್ಟಾನ."

ಮಠವೆಲ್ಲ ನಕ್ಕಿತು. ಯುರೋಪಿನ ವಿಜ್ಞಾನ ಕಥೆಗಳ ಬಗ್ಗೆ ನಾನು ಸಿದ್ಧಮಾಡಿಕೊಂಡು ಹೋಗಿದ್ದ ಮಾತು ಅಲ್ಲಿಗೇ ಮುಗಿಯಿತು.

ಈಗ ನನ್ನಲ್ಲಿ ಓದಲು ಏನೂ ಉಳಿದಿಲ್ಲ. ಕೊನೆಯ ಎರಡು ಅಧ್ಯಾಯ ನೀನು ಕಳಿಸಿಲ್ಲ. ಫೋನೂ ಎತ್ತುವುದಿಲ್ಲ. ಪುರಾಣ ಹಚ್ಚಿದ ಮೇಲೆ ಮಂಗಳ ಮಾಡದೆ ಬಿಡುವಂತಿಲ್ಲವಂತೆ, ಊರಿಗೆ ಒಳ್ಳೆಯದಲ್ಲವಂತೆ. ಬರುವ ಸೋಮವಾರ ಶ್ರಾವಣದ ಕೊನೆ. ಅಂದಿನ ಪ್ರಸಾದದ ಹುಗ್ಗಿಗೆ ಗೋಧಿ ಕುಟ್ಟಿಸಿ ಇಟ್ಟಿದ್ದಾರೆ. ಮೊನ್ನೆ ತಾಳ್ಮೆಗೆಟ್ಟು ನಾನೇ ಒಂದು ಅಂತ್ಯ ಕಟ್ಟಿ ಓದಿದೆ: ಭೂಮಿ ಮಾತಾಡಿತು, ಎಲ್ಲರೂ ಮನೆಗೆ ಮರಳಿದರು. ಮನ್ಮಥಪ್ಪ ಅರ್ಧಕ್ಕೇ ತಡೆದರು.

"ಇದು ಮೇಡಂನೋರ ಮಾತಲ್ರಿ ಸರ್, ನಿಮ್ದು. ಅವ್ರು ಇಷ್ಟ್ ಲಗೂನ ಯಾರಿಗೂ ಮಾಫ್ ಮಾಡಂಗಿಲ್ಲ."

ನಿನ್ನನ್ನು ಕಂಡೇ ಇಲ್ಲದ ಮನುಷ್ಯ. ಟಪಾಲು ತಡವಾಗಿದೆ ಎಂದೆ. ಯಾರೂ ನಂಬಲಿಲ್ಲ, ಮರ್ಯಾದೆಗೆ ಹೂಂ ಅಂದರು.

ಹಿರಿಯರಿಗೆ ನನ್ನ ಶರಣಾರ್ಥಿ ತಿಳಿಸು. ಕಣ್ಣಿಗೆ ಹೆಚ್ಚು ಆಯಾಸ ಮಾಡಿಕೊಳ್ಳಬೇಡ. ನಿನ್ನ ಬರೆಯುವ ಕೈಗೆ ಒಳ್ಳೆಯದಾಗಲಿ.

ನಿನ್ನ
ಅಮಿತಕುಮಾರ

ತಾ.ಕ.: ನಿನ್ನೆ ಬೀದರಿಗೆ ಹೋಗಿದ್ದೆ. ಮುದ್ರಣಾಲಯದ ಖಾಸಿಂ ಅಲಿ ಚಹಾ ತರಿಸಿ, "ಮುಬಾರಕ್ರಿ ಸರ್. ಮೇಡಂ ಕಿತಾಬ್ ಪೂರಾ ಕೊಟ್ಟು ತಿಂಗಳಾಯ್ತು" ಎಂದರು. ಕೊನೆಯ ಹಾಳೆಗಳು ಮೇಜಿನ ಮೇಲೇ ಇದ್ದವು. ಬೇಕಾದರೆ ಒಯ್ಯಿರಿ ಎಂದೂ ಹೇಳಿದರು. ನಾನು ಮುಟ್ಟಲಿಲ್ಲ. ಮದುವೆಯಾದಾಗಿನಿಂದ ನೀನು ಬರೆದ ಒಂದು ಪುಟವೂ ಮೊದಲು ನನ್ನ ಕಿವಿಗೋ ಕೈಗೋ ಬೀಳದೆ ಅಚ್ಚಿಗೆ ಹೋದದ್ದಿಲ್ಲ. ಈ ಎರಡು ಅಧ್ಯಾಯಗಳನ್ನು ನೀನು ಯಾರಿಗೆ ಓದಿ ಹೇಳಿದೆ?