ಚಳಿಯಲ್ಲಿ ಜೂಲಿಯ ವಾಕಿಂಗ್

ಮಾವ,

ಇವತ್ತು ಬೆಳಿಗ್ಗೆ ನಿಮ್ಮ ನಾಯಿಯನ್ನು ಹಲಸೂರು ಕೆರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ನೀವು ನಮ್ಮನ್ನು ಬಿಟ್ಟು ಹೋದ ಮೇಲೆ ಜೂಲಿ ಗೇಟು ದಾಟಿರಲಿಲ್ಲ. ಚಳಿಗೆಂದು ನಿಮ್ಮ ಮಂಕಿ ಕ್ಯಾಪ್ ಹಾಕಿಕೊಂಡೆ. ಅದನ್ನು ನೋಡಿದ್ದೇ ಬಾಲ ಆಡಿಸುತ್ತಾ ಎದ್ದು ಬಂತು.

ಕೆರೆಯ ಮೇಲೆ ಮಂಜು ಕವಿದಿತ್ತು. ನೀರುಕೋಳಿಗಳನ್ನು ಕಂಡು ಬೊಗಳುತ್ತಾ ಜೂಲಿ ನನ್ನನ್ನೂ ಎಳೆದುಕೊಂಡು ಓಡಿತು. ಮೂಗು ಮರಗಟ್ಟಿದ್ದರೂ ನನಗೆ ನಗು ತಡೆಯಲಾಗಲಿಲ್ಲ.

ಬೆಂಚಿನ ಮೇಲಿದ್ದ ನಿಮ್ಮ ಗೆಳೆಯ ಧನಪಾಲ್ ಜೂಲಿಯ ಗುರುತು ಹಿಡಿದರು.

"ನೀವು ಅವರ ಸೊಸೆ ಅಲ್ವಾ? ಚಳಿಗಾಲದಲ್ಲಿ ಒಂದಿನ ಸೊಸೆಗೂ ಕೆರೆ ತೋರಿಸ್ಬೇಕು ಅಂತಿದ್ರು. ಕರೀಲೇ ಇಲ್ವೇನಮ್ಮಾ?"

"ಕರೀತಿದ್ರು ಸಾರ್. ದಿನಾ ಕರೀತಿದ್ರು," ಎಂದೆ.

ಅವರು ಬೆಂಚಿನಲ್ಲಿ ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು.