ನಾನು ಸಿಗುವ ಮೊದಲೇ ಸಿಕ್ಕವಳು ಯಾರು?

ಕಾಣೆಯಾದ ಮಕ್ಕಳ ಕಡತಗಳನ್ನು ಬೇಗ ಬೇಗ ಮುಗಿಸುವ ಮಾನ್ಯ ಅಧಿಕಾರಿಗಳೇ,

ಬಿ.ಜಿ. ಕೆರೆಯ ಹನ್ನೊಂದು ವರ್ಷದ ಆಶಾ ಸಿಕ್ಕಿದ್ದಾಳೆ ಎಂದು ನಿಮ್ಮ ಕಡತ ಹೇಳುತ್ತದೆ. ಮನೆಗೆ ಮಾತ್ರ ಬಂದಿಲ್ಲ. ಮೊನ್ನೆ ಅವಳ ತಾಯಿ ನಾಗರತ್ನಳ ಜೊತೆ ನಿಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ತಲೆ ಎತ್ತದೆ, "ಸಿಕ್ಕಾಯ್ತಲ್ಲಮ್ಮ, ಫೈಲ್ ಕ್ಲೋಸ್ ಆಗೈತೆ" ಎಂದರು. "ಸಿಕ್ಕಿದ್ರೆ ಕೊಡ್ರಿ ಸಾರ್, ಎಲ್ಲಿಟ್ಟೀರಿ?" ಎಂದಳು ನಾಗರತ್ನ. ಅವರು ನನ್ನ ಕಡೆ ತಿರುಗಿ, ನೀವು ಯಾರು, ನಿಮ್ಮ ಮನೆ ಎಲ್ಲಿ ಎಂದು ಕೇಳಿದರು. ನನ್ನ ಮನೆ ಯಾಕೆ ಬೇಕಿತ್ತು ಸ್ವಾಮಿ? ಅವತ್ತಿನಿಂದ ಬಾಗಿಲ ಚಿಲಕ ಹಾಕಿ, ಮತ್ತೆ ಎದ್ದು ಹೋಗಿ ನೋಡುತ್ತಿದ್ದೇನೆ.

ನಾನು ಯಾರು ಎಂದು ಹೇಳುತ್ತೇನೆ. ನನಗೆ ಒಂಬತ್ತು ವರ್ಷವಿದ್ದಾಗ ದೇವಸಮುದ್ರದ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ತೆಲುಗಿನಲ್ಲಿ "ಮೀಯಮ್ಮ ಪಿಲುಸ್ತಾಂದಿ" ಎಂದು ಕೈ ಹಿಡಿದು ಬಸ್ ಹತ್ತಿಸಿದಳು. ಅವ್ವ ಕರೆಯುತ್ತಾಳೆ ಎಂದರೆ ಯಾವ ಮಗು ಹೋಗುವುದಿಲ್ಲ? ಗಡಿಯಾಚೆಯ ಊರಲ್ಲಿ ಮೂರು ವರ್ಷ ಯಾರದೋ ಪಾತ್ರೆ ತೊಳೆದೆ. ಚಳ್ಳಕೆರೆಯಿಂದ ಕಂಬಳಿ ಮಾರಲು ಬಂದಿದ್ದ ಚಿನ್ನಯ್ಯನ ಕನ್ನಡ ಕೇಳಿ, ಓಡಿಹೋಗಿ ಅವ್ವನ ಹೆಸರು ಹೇಳಿದೆ. ಆತ ಕಂಬಳಿಯ ಗಂಟನ್ನು ಅಲ್ಲೇ ಬಿಟ್ಟು ನನ್ನನ್ನು ಕರೆತಂದ. ನಾಲ್ಕನೇ ತರಗತಿಯಲ್ಲಿ ತಪ್ಪಿದ ಶಾಲೆ ತಪ್ಪಿಯೇ ಹೋಯಿತು. ಈಗ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಅರ್ಜಿ ಬರೆದುಕೊಡುತ್ತೇನೆ, ಜೊತೆಗೆ ಕಚೇರಿ ಕಚೇರಿಗೆ ಹೋಗುತ್ತೇನೆ.

ಕಳೆದ ತಿಂಗಳು ಮಾಹಿತಿ ಹಕ್ಕಿನಲ್ಲಿ ನನ್ನದೇ ಹಳೆಯ ಕಡತ ತರಿಸಿದೆ. ನಾನು ಕಾಣೆಯಾದ ಎರಡನೇ ತಿಂಗಳಲ್ಲೇ "ಪತ್ತೆಯಾಗಿದ್ದು, ತಾಯಿಯ ವಶಕ್ಕೆ ಒಪ್ಪಿಸಲಾಗಿದೆ" ಎಂದು ಬರೆದಿದೆ. ಕೆಳಗೊಂದು ಹೆಬ್ಬೆಟ್ಟು. ಅವ್ವ ಯರ್ರಮ್ಮನಿಗೆ ತೋರಿಸಿದೆ. "ಇದು ನಂದಲ್ಲ ಕಣೇ. ಸಾಕ್ಷರತೆ ಕ್ಲಾಸಿಗೆ ಹೋಗಿ ರುಜು ಕಲ್ತೋಳು ನಾನು. ಹೆಬ್ಬೆಟ್ಟು ಒತ್ತು ಅಂದಿದ್ರೆ ಅವನ ಪೆನ್ನೇ ಕಿತ್ಕೊಂತಿದ್ದೆ!" ಎಂದಳು. ಆಮೇಲೆ ಮೆತ್ತಗೆ, "ಮೂರು ವರ್ಷ ವಾರವಾರ ಹೋಗ್ತಿದ್ನಲ್ಲ. ಹುಡುಕ್ತಾ ಇದೀವಿ ಅಂತಿದ್ರಲ್ಲೇ" ಎಂದಳು.

ಯಾರೂ ಹುಡುಕುತ್ತಿರಲಿಲ್ಲ. ನಮ್ಮ ಕಡೆ ಕುರಿಯವರು, ತಪ್ಪಿಸಿಕೊಂಡ ಕುರಿ ಸಿಕ್ಕಿತೆಂದರೂ ಕಿವಿಯ ಗುರುತು ನೋಡದೆ ಹಟ್ಟಿಗೆ ಸೇರಿಸುವುದಿಲ್ಲ. ನೀವು ಮಗುವಿನ ಮುಖವನ್ನೂ ನೋಡುವುದಿಲ್ಲವೇ? ಮೊನ್ನೆ ಗುಮಾಸ್ತರ ಮೇಜಿನ ಮೇಲೆ ಕಂಡ ಆಶಾಳ ಕಡತದಲ್ಲೂ ಅದೇ ವಾಕ್ಯ, ಅದೇ ಜಾಗದಲ್ಲಿ ಹೆಬ್ಬೆಟ್ಟು. ನಾಗರತ್ನ ಎಸ್ಸೆಸ್ಸೆಲ್ಸಿ ಪಾಸಾದವಳು! ಹಾಗಾದರೆ ಆ ಬೆರಳು ಯಾರದು? ನಿಮ್ಮ ಕಚೇರಿಯಲ್ಲಿ ಇದಕ್ಕೆಂದೇ ಒಂದು ಬೆರಳು ಇಟ್ಟುಕೊಂಡಿದ್ದೀರಾ?

ನಿಮಗೆ ನೇರವಾಗಿ ಕೊಟ್ಟರೆ ಈ ಕಾಗದವನ್ನೂ "ವಿಲೇವಾರಿ" ಎಂದು ಕಟ್ಟಿಡುತ್ತೀರೆಂಬ ಭಯಕ್ಕೆ ಪತ್ರಿಕೆಗೆ ಕಳಿಸಿದ್ದೇನೆ. ಆಶಾಳನ್ನು ತೋರಿಸಿ; ಆಗದಿದ್ದರೆ ಕಡತವನ್ನು ಇವತ್ತೇ ತೆರೆದು ಹುಡುಕಲು ಹೊರಡಿ. ಆ ಮೂರು ವರ್ಷ, ಯಾರಾದರೂ ಬಾಗಿಲು ಬಡಿದಾಗಲೆಲ್ಲ ನನ್ನನ್ನು ಹುಡುಕಿಕೊಂಡು ಬಂದರು ಎಂದುಕೊಂಡು ತೊಳೆಯುವ ಪಾತ್ರೆ ಕೆಳಗಿಡುತ್ತಿದ್ದೆ. ಆ ಹುಡುಗಿಯೂ ಈಗ ಹಾಗೇ ಕಾಯುತ್ತಿರುತ್ತಾಳೆ.

ಇಂತಿ,
ನಿಮ್ಮ ಕಾಗದದಲ್ಲಿ ಸುಮಾರು ಮೂರು ವರ್ಷ ಮೊದಲೇ ಮನೆ ಸೇರಿದ್ದ
ಗೀತಮ್ಮ (ರುಜು ಮಾಡಿದ್ದೇನೆ, ಹೆಬ್ಬೆಟ್ಟಲ್ಲ)
ದೇವಸಮುದ್ರ